ಮೂರೂವರೆ ಕಿಲೋ ಹಗುರ

ಅನುರಾಧಾ ಬೆಳಗ್ಗೆ ಶೆಡ್ಡಿನೊಳಗೆ ಕಾಲಿಟ್ಟಾಗ ಬುರ್ಹಾನುದ್ದೀನ್ ರೇಸ್ ಕಾರಿನ ಮುಂದಿನ ಚಕ್ರ ಬಿಚ್ಚಿಕೊಂಡು ಕುಳಿತಿದ್ದರು. ಅವಳನ್ನು ಕಂಡು ಗಡಬಡಿಸಿ ಎದ್ದರು.

“ಏನು ಮಾಡಾಕತ್ತೀರಿ ಚಾಚಾ?”

“ಏನಿಲ್ಲ ಬೇಟಿ. ಧೂಳ ಒರಸಾಕತ್ತಿದ್ದೆ.”

ಆ ವಾರದಲ್ಲಿ ಇದು ಮೂರನೆಯ ಸಲ. ಅವಳು ನಂಬಲಿಲ್ಲ.

ಆ ಚಕ್ರದ ಹಿಂದೆ ಇದ್ದದ್ದು ಅವಳ ಅಲ್ಯುಮಿನಿಯಂ ಬ್ರೇಕ್ ಡಿಸ್ಕು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಅನುರಾಧಾ ಅದರ ನಕ್ಷೆಗೇ ಒಂದು ವರ್ಷ ಸವೆಸಿದ್ದಳು. ಮುಂದಿನ ಎರಡು ಚಕ್ರಗಳಿಂದ ಬೀಡುಕಬ್ಬಿಣದ ಡಿಸ್ಕು ತೆಗೆದು ಇವನ್ನು ಕೂರಿಸಿದರೆ ಕಾರು ಮೂರೂವರೆ ಕಿಲೋ ಹಗುರ. ರೇಸಿನಲ್ಲಿ ಅಷ್ಟು ಸಾಕು. ಒಂದೇ ತೊಡಕು, ಅಲ್ಯುಮಿನಿಯಂ ಮಿತಿಮೀರಿ ಕಾದರೆ ಮೆತ್ತಗಾಗುತ್ತದೆ. ಅದಕ್ಕೆಂದೇ ಮೇಲೆ ಗಟ್ಟಿ ಲೇಪ ಕೊಡಿಸಿದ್ದಳು, ಗಾಳಿಯಾಡಲು ಸಾಲು ಸಾಲು ತೂತು ಕೊರೆಸಿದ್ದಳು. ಕಾರು ಓಡಿಸುವವನು ಅವಳ ತಮ್ಮ ವಿಜಯೀಂದ್ರ.

ಬುರ್ಹಾನುದ್ದೀನ್ ಸ್ಟೇಶನ್ ಬಜಾರದ ಈ ಶೆಡ್ಡಿನಲ್ಲಿ ನಲವತ್ತು ವರ್ಷ ಲಾರಿಗಳ ಬ್ರೇಕು ರಿಪೇರಿ ಮಾಡಿದವರು. ಮೊದಲ ದಿನವೇ ಹೊಸ ಡಿಸ್ಕನ್ನು ಅಂಗೈಯಲ್ಲಿ ತೂಗಿ ನೋಡಿ ಹಿಂದಕ್ಕೆ ಕೊಟ್ಟಿದ್ದರು.

“ಇದು ಚಹಾದ ಕೆಟ್ಲಿ ಮಾಡೋ ಧಾತು ಬೇಟಿ. ತಮ್ಮನ್ನ ಇದರ ಭರೋಸಾ ಮ್ಯಾಲ ಕಳಸ್ತೀಯೇನು?”

ಅಂದಿನಿಂದ ಅವಳಿಗೆ ಅನುಮಾನ. ಮುದುಕರು ತನ್ನ ಕಣ್ಣು ತಪ್ಪಿಸಿ ಹಳೆಯದನ್ನೇ ಕೂರಿಸಿಬಿಟ್ಟರೆ? ಬೀಡಿನ ಡಿಸ್ಕುಗಳನ್ನು ಅವತ್ತೇ ಐವಾನ್-ಎ-ಶಾಹಿ ಬಡಾವಣೆಯ ತನ್ನ ಮನೆಗೆ ಒಯ್ದು ಮಂಚದ ಕೆಳಗೆ ತಳ್ಳಿದಳು.

ಒಂದು ತಿಂಗಳು ಕುಸನೂರಿನಾಚೆಯ ಖಾಲಿ ಲೇಔಟಿನಲ್ಲಿ ಪರೀಕ್ಷೆ ನಡೆಯಿತು. ವಿಜಯೀಂದ್ರ ನೂರಾರು ಸಲ ಬ್ರೇಕು ಒತ್ತಿದ. ಪ್ರತಿ ಸಲವೂ ಅನುರಾಧಾ ಡಿಸ್ಕಿನ ಶಾಖ ಅಳೆದು ಬರೆದುಕೊಂಡಳು. ಎಲ್ಲವೂ ಮಿತಿಯೊಳಗೇ ಇತ್ತು. ಬುರ್ಹಾನುದ್ದೀನ್ ದೂರದಲ್ಲಿ ನಿಂತು ಬೀಡಿ ಸೇದಿದರು.

ರೇಸಿನ ಹಿಂದಿನ ದಿನ ಶನಿವಾರ. ಮಧ್ಯಾಹ್ನ ಬಡಿಸುತ್ತಿದ್ದ ತಾಯಿ ಮುಕ್ತಾಬಾಯಿ ಮಗನ ತಲೆ ನೇವರಿಸಿ, ಮಗಳ ಕಡೆ ನೋಡಿದರು.

“ಅಂವ ಓಡಸ್ತಾನ. ನಿಲ್ಲಸೋದು ನಿನ್ನ ಕೈಯಾಗ ಅದ, ಅನು.”

ಅನುರಾಧಾ ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು.

ಸಂಜೆ ಐದಕ್ಕೆ ಅವಳು ಸ್ಕೂಟರಿನ ಮುಂದೆ ಒಂದು ಚೀಲ ಇಟ್ಟುಕೊಂಡು ಶೆಡ್ಡಿಗೆ ಬಂದಳು.

“ಚಾಚಾ, ಇವತ್ತ ನೀವು ಲಗೂ ಮನಿಗೆ ಹೋಗ್ರಿ. ಕಡೀ ತಪಾಸಣಿ ನಾನೇ ಮಾಡ್ತೀನಿ. ಚಾವಿ ಕೊಡ್ರಿ.”

“ನನ್ನ ಮ್ಯಾಲ ಭರೋಸಾ ಇಲ್ಲೇನು?”

“ಯಾರ ಮ್ಯಾಲೂ ಇಲ್ರಿ.”

ಅವರು ನಕ್ಕು ಬೀಗದಕೈ ಕೊಟ್ಟು ಹೋದರು. ಶಟರು ಅರ್ಧ ಎಳೆದುಕೊಂಡು ಅವಳು ಎರಡು ತಾಸು ಒಬ್ಬಳೇ ಕೆಲಸ ಮಾಡಿದಳು. ಹೊರಡುವಾಗ ಮಡಚಿದ ಚೀಲ ಕಂಕುಳಲ್ಲಿತ್ತು. ತಿಂಗಳಲ್ಲಿ ಮೊದಲ ಸಲ ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಭಾನುವಾರ, ಕಮಲಾಪುರದ ಹೊರಗಿನ ಕೆಂಪು ಮಣ್ಣಿನ ಬಯಲು. ಹನ್ನೆರಡು ಕಾರು, ಹತ್ತು ಸುತ್ತು. ಟೆಂಪೊದಿಂದ ಕಾರನ್ನೂ ಪಾನಾ ಮುಂತಾದ ಉಪಕರಣಗಳ ಪೆಟ್ಟಿಗೆಯನ್ನೂ ಇಳಿಸಿದ ಮೇಲೆ ಅನುರಾಧಾ ಹೆಸರು ಬರೆಸುವ ಸಾಲಿನಲ್ಲಿ ನಿಂತಳು. ಸಾಲು ಕರಗುವಷ್ಟರಲ್ಲಿ ಒಂದು ತಾಸು ಕಳೆಯಿತು. ಊರಿನ ಕೆಂಪು ಬಾಳೆಹಣ್ಣು ಕೊಂಡು ಮರಳಿದಾಗ ತಮ್ಮನೂ ಚಾಚಾನೂ ಕಾರಿಗೆ ಒರಗಿ ನಗುತ್ತಿದ್ದರು. ಅವಳು ಹತ್ತಿರ ಬಂದೊಡನೆ ಸುಮ್ಮನಾದರು.

“ಇಳಿಜಾರಿನ ಬುಡದ ತಿರುವು ಭಾಳ ಕೆಟ್ಟದ,” ಎಂದಳು ತಮ್ಮನಿಗೆ. “ಸ್ವಲ್ಪ ಮೊದಲೇ ಬ್ರೇಕ್ ಒತ್ತು.”

“ಕಾಲಿಗೆ ರೂಢಿ ಆಗ್ಯದ ಅಕ್ಕಾ. ಅದಕ್ಕೇ ಬಿಡು.”

ಆ ತಿರುವಿನ ಆಚೆ ಕಲ್ಲಿನ ಒಡ್ಡು. ಉಳಿದವರೆಲ್ಲ ಅದನ್ನು ಕಂಡು ದೂರದಿಂದಲೇ ವೇಗ ಇಳಿಸುತ್ತಿದ್ದರು. ವಿಜಯೀಂದ್ರ ಕೊನೆಯ ಗಳಿಗೆಗೆ ಬ್ರೇಕು ಒತ್ತುತ್ತಿದ್ದ. ರೇಸ್ ನೋಡಲು ಬಂದಿದ್ದ ಅನುರಾಧಾಳ ಕಾಲೇಜಿನ ಸಹೋದ್ಯೋಗಿಗಳು ಪ್ರತಿ ಸುತ್ತಿಗೂ ಕಣ್ಣು ಮುಚ್ಚಿಕೊಂಡರು. ಅನುರಾಧಾ ಮಾತ್ರ ನಿಶ್ಚಿಂತೆಯಿಂದ ಬಾಳೆಹಣ್ಣು ಸುಲಿಯುತ್ತಿದ್ದಳು. ಎಂಟನೆಯ ಸುತ್ತಿಗೆ ಅವನು ಮೂರನೆಯವನು, ಒಂಬತ್ತಕ್ಕೆ ಎರಡನೆಯವನು. ಕೊನೆಯ ಸುತ್ತಿನಲ್ಲಿ ಎರಡು ಕಾರು ಸರಿಸಮ ತಿರುವು ಹೊಕ್ಕವು. ಹೊರಬಂದಾಗ ಅವನದು ಒಂದು ಕಾರಿನಷ್ಟು ಮುಂದಿತ್ತು. ಹಾಗೆಯೇ ಗೆರೆ ದಾಟಿತು.

ಜನ ಸೀಟಿ ಹೊಡೆದರು. ಮೈಕಿನಲ್ಲಿ ಕೂಗಿದರು, “ಅಲ್ಯುಮಿನಿಯಂ ಡಿಸ್ಕಿನ ಗಾಡಿ ಗೆದ್ದದ. ಡಿಸ್ಕ್ ಮಾಡಿದ ಮೇಡಂ ಹಾರ ಹಾಕಿಸ್ಕೊಳ್ಳಾಕ ಬರ್ಬೇಕು.”

ಅನುರಾಧಾಳ ನಗು ಅಲ್ಲೇ ಆರಿತು. ಬುರ್ಹಾನುದ್ದೀನರ ತೋಳು ಹಿಡಿದು ಡೇರೆಯ ಹಿಂದಕ್ಕೆ ಕರೆದೊಯ್ದಳು.

“ಆ ಹಾರ ನನಗ ಬ್ಯಾಡ್ರಿ ಚಾಚಾ. ನಿನ್ನೆ ನನಗ ಧೈರ್ಯ ಸಾಲಲಿಲ್ಲ. ಅವ್ವನ ಮಾತು ಕೇಳಿ ಎದಿ ಒಡೀತು. ಬೀಡಿನ ಡಿಸ್ಕ್ ಚೀಲದಾಗ ತಂದು ಕೂಡಿಸಿಬಿಟ್ಟೆ. ನನ್ನವು ಪಾನಾ ಪೆಟ್ಟಿಗಿ ತಳದಾಗ ಬಿದ್ದಾವ. ಗೆದ್ದದ್ದು ನಿಮ್ಮ ಕಬ್ಬಿಣ.”

ಬುರ್ಹಾನುದ್ದೀನ್ ಕೈಯ ಗ್ರೀಸು ಒರೆಸಿಕೊಂಡರು.

“ಒಂದು ತಿಂಗಳು ದಿನಾ ಮುಂಜಾನಿ ಚಕ್ರ ಬಿಚ್ಚಿ ನಿನ್ನ ಡಿಸ್ಕಿನಾಗ ಬಿರುಕು ಹುಡುಕೀನಿ. ಒಂದೂ ಸಿಗಲಿಲ್ಲ. ನಂದು ತಪ್ಪಾಗ್ಯದಂತ ಹೇಳಾಕ ನಾಚಿಕಿ ಬಂತು.”

ಮೈಕಿನಲ್ಲಿ ಮತ್ತೆ ಅವಳ ಹೆಸರು ಕರೆದರು. ಅವರು ಅವಳ ಬೆನ್ನ ಮೇಲೆ ಕೈಯಿಟ್ಟು ವೇದಿಕೆಯ ಕಡೆ ಮೆಲ್ಲಗೆ ನೂಕಿದರು.

“ಹೋಗು, ಹಾರ ಹಾಕಿಸ್ಕೊ. ನೀ ಸಾಲಿನ್ಯಾಗ ನಿಂತಾಗ ಪಾನಾ ಪೆಟ್ಟಿಗ್ಯಾಗ ನಿನ್ನ ಡಿಸ್ಕ್ ಕಂಡವು. ವಿಜಯೀಂದ್ರನ್ನ ಕೇಳೇ ಕಬ್ಬಿಣ ಬಿಚ್ಚೀನಿ. ಗಾಡಿಗಿ ಇರೋವು ನಿನ್ನವೇ.”