ಬಿಸಿಗಾಳಿ

ಬೆಟ್ಟದ ಹೋಟೆಲಿನ ತಾರಸಿ ಮೇಲೆ, ಕೋಣೆಗಳಿಗೆ ಬಿಸಿಗಾಳಿ ಕಳಿಸುವ ಗ್ಯಾಸ್ ಹೀಟರ್ ಬಿಚ್ಚಿದ ಮೆಕ್ಯಾನಿಕ್ ಬೋರಲಿಂಗ ಬಗ್ಗಿ ನೋಡಿದ. ಹೊಗೆ ಕೊಳವೆಯ ಬಾಯಿಗೆ ಪಾರಿವಾಳ ಗೂಡು ಕಟ್ಟಿತ್ತು. ಅಂದರೆ ರಾತ್ರಿಯಿಡೀ ವಿಷದ ಹೊಗೆ ಬಿಸಿಗಾಳಿಯ ಜೊತೆ ಕೆಳಗಿನ ಕೋಣೆಗಳಿಗೇ ಇಳಿದಿದೆ!

ಗ್ಯಾಸ್ ಬಂದ್ ಮಾಡಿ ಮ್ಯಾನೇಜರಿಗೆ ಫೋನ್ ಮಾಡಿದ. "ಸಾರ್, ಮೇಲಿನ ಮಹಡೀಲಿ ಯಾರವ್ರೆ?"

"ಗಂಡ ಹೆಂಡ್ತಿ, ಒಂದು ಕೂಸು. ಮೂಲೆ ರೂಮಲ್ಲಿ. ಯಾಕಪ್ಪ?"

ಬೋರಲಿಂಗ ಫೋನ್ ಇಟ್ಟು ಕೆಳಗೋಡಿದ. ಮೂಲೆ ರೂಮಿನ ಬಾಗಿಲು ಬಡಿದ, ಕೂಗಿದ. ಒಳಗಿಂದ ಸದ್ದೇ ಇಲ್ಲ. ಭುಜ ಕೊಟ್ಟು ಬಾಗಿಲು ಮುರಿದ.

ಹಾಸಿಗೆ ಖಾಲಿಯಿತ್ತು. "ಸದ್ಯ, ಎದ್ದು ಹೊರಟವ್ರೆ!" ಎನ್ನುತ್ತ ಕಿಟಕಿ ತೆರೆದ.

ಸದ್ದು ಕೇಳಿ ಕಸ ಗುಡಿಸುವ ನಿಂಗಮ್ಮ ಓಡಿ ಬಂದಳು.

"ಅವ್ರು ಇಲ್ಲಿಲ್ಲ ಕಣಣ್ಣ. ಕೂಸಿಗೆ ಚಳಿ ಅಂತ ರಾತ್ರಿನೇ ಎದುರು ರೂಮಿಗೆ ಹೋದ್ರು. ಬಿಸಿಗಾಳಿ ಅಲ್ಲೇ ಜಾಸ್ತಿ ಬರೋದು."