ಸನ್ನಡತೆಯ ಬಿಡುಗಡೆ

ನೀಲಾಂಬಿಕಾ ಜೈಲುಗಳಲ್ಲಿ ಕೈದಿಗಳ ಸುಧಾರಣೆಯ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದಳು. ಸನ್ನಡತೆಯ ಮೇಲೆ ಬಿಡುಗಡೆಯಾಗಬೇಕಾದವರ ಬಗ್ಗೆ ಜೈಲಿನ ಸಮಿತಿ ಅವಳ ಅಭಿಪ್ರಾಯವನ್ನೂ ಕೇಳಿತ್ತು. ಅಂದು ಎದುರಿಗೆ ಕುಳಿತವನು ಕೊಲೆ ಮಾಡಿ ಜೈಲಿನಲ್ಲಿ ಹದಿನಾಲ್ಕು ವರ್ಷ ಕಳೆದಿದ್ದ ಮಡಿವಾಳಪ್ಪ.

"ನನ್ನ ಬಿಡಬ್ಯಾಡ್ರಿ ಅಂತ ಬರೀರಿ, ಮೇಡಂ," ಎಂದು ಅವನು ಕೈಮುಗಿದ.

"ಯಾಕ? ಮನೀಗೆ ಹೋಗೂ ಆಸೆ ಇಲ್ಲೇನು?"

"ನಾ ಕೊಂದಾಂವನ ಮಗ ಹೊರಗ ಕಾಯಾಕತ್ತಾನ್ರಿ. ನೀ ಹೊರಗ ಬಂದ ದಿನಾನ ನಿನ್ನ ಕಡೀ ದಿನ ಅಂತ ಕೋರ್ಟಿನ್ಯಾಗ ನನ್ನ ಮಾರಿ ನೋಡಿ ಹೇಳ್ಯಾನ. ಇಲ್ಲೇ ಸತ್ತರ ನೆಮ್ಮದೀಲೆ ಸಾಯ್ತೀನ್ರಿ."

ಅವಳು ಅವನ ಮುಗಿದ ಕೈಗಳನ್ನು ನೋಡಿದಳು.

"ಕೊಲ್ಲೂ ಮುಂದ ಆ ಮನುಷ್ಯಾನೂ ಹಿಂಗ ಕೈ ಮುಗಿದಿದ್ದನೇನು?"

"ಮುಗಿದಿದ್ದನ್ರಿ. ನಾ ಕೇಳಲಿಲ್ಲ." ಮಡಿವಾಳಪ್ಪ ಬಿಕ್ಕಿ ಬಿಕ್ಕಿ ಅತ್ತ.

ಅವಳು ಅವನ ಕಣ್ಣೆದುರೇ ಬರೆದಳು: 'ಈತ ಸಂಪೂರ್ಣವಾಗಿ ಬದಲಾಗಿದ್ದಾನೆ. ತಡಮಾಡದೆ ಬಿಡುಗಡೆ ಮಾಡಬೇಕು.'

ತಿಂಗಳೊಳಗೆ ಬಿಡುಗಡೆಯ ಆದೇಶ ಬಂತು. ಜೈಲಿನ ಕಚೇರಿಯಲ್ಲಿ ಅದನ್ನು ಓದಿದ ನೀಲಾಂಬಿಕಾ ಹೊರಗೆ ಬಂದು ಫೋನ್ ಮಾಡಿದಳು.

"ಅಣ್ಣಾ, ಅಪ್ಪನ್ನ ಕೊಂದಾಂವ ನಾಳೆ ಹತ್ತು ಗಂಟೆಕ್ಕ ಹೊರಗ ಬರ್ತಾನ."