ಹಸಿ ಉಪ್ಪು

ಸಮುದ್ರ ಸಿಹಿಯಾದ ಮೇಲೆ ಊಟದ ಉಪ್ಪು ಬರುವುದು ಜನರ ಕಣ್ಣೀರಿನಿಂದಲೇ. ಮನೆಮನೆಯಿಂದ ಬಂದ ಉಪ್ಪನ್ನು ಅಂಕೋಲೆಯ ಕಾರ್ಖಾನೆಯಲ್ಲಿ ಜರಡಿ ಹಿಡಿಯುವವಳು ಹೊನ್ನಮ್ಮ. ಹಳೆಯ ದುಃಖದ ಉಪ್ಪು ಒಣಗಿರುತ್ತದೆ, ನಡುಗುವ ಜರಡಿಯಿಂದ ಸರಸರನೆ ಇಳಿಯುತ್ತದೆ. ಹೊಸ ದುಃಖದ್ದು ಜಿಗುಟು. ಜರಡಿಯ ಕಣ್ಣುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಕಣ್ಣು ಬಿಡಿಸಲೆಂದು ಕೆಳಗಿನಿಂದ ಪುಟಿದು ಬಡಿಯುವ ರಬ್ಬರ್ ಚೆಂಡುಗಳಿಗೂ ಜಗ್ಗುವುದಿಲ್ಲ.

ಇವತ್ತು ಜರಡಿ ಕಟ್ಟಿಕೊಂಡಿತು.

"ಯಾರ ಮನೆ ಉಪ್ಪು ಅದು?" ಮೇಸ್ತ್ರಿ ವಿಠೋಬ ದೂರದಿಂದಲೇ ಕೂಗಿದ. ಹಸಿ ಉಪ್ಪಿನ ಮನೆ ಸಿಕ್ಕರೆ ಅವನಿಗೆ ಹಬ್ಬ. ಕಂಪನಿಯವರು ಆ ಮನೆಗೆ ಹೋಗಿ ಕೂರುತ್ತಾರೆ. ಕೆದಕಿ ಕೆದಕಿ ಕೇಳಿ, ಅಳು ನಿಲ್ಲದಂತೆ ನೋಡಿಕೊಳ್ಳುತ್ತಾರೆ.

"ಮಳೆಗಾಲದ ಥಂಡಿ ಮಾರಾಯ್ರೆ," ಎಂದಳು ಹೊನ್ನಮ್ಮ. "ಚೆಂಡೂ ಸವೆದು ಹೋಗಿದೆ. ಬದಲಿಸಿದ್ರೆ ಸರಿ ಆಗ್ತದೆ."

ಅವನು ಅತ್ತ ತಿರುಗಿದೊಡನೆ ಎಂದಿನಂತೆ ಒಣ ಉಪ್ಪು ಬೆರೆಸಿದಳು. ಎಷ್ಟೋ ಮನೆಗಳನ್ನು ಹೀಗೇ ಉಳಿಸಿದ್ದಾಳೆ. ಆಮೇಲೆ, ಹಮಾಲರು ಸುರಿದು ಎಸೆದಿದ್ದ ಚೀಲವನ್ನು ಕೊಡವಲು ಎತ್ತಿಕೊಂಡಳು. ಅವಳದೇ ಹಳೇ ಸೀರೆಯಲ್ಲಿ ಹೊಲಿದ ಚೀಲ.

ಗಂಡ ಹೋದ ಮೇಲೆ ಅತ್ತು ಅತ್ತು ಹೊನ್ನಮ್ಮನ ಕಣ್ಣು ಎಂದೋ ಬತ್ತಿದೆ. ಮನೆಯಲ್ಲಿ ಇನ್ನಿರುವವಳು ಮಗಳು ಶೇವಂತಿ ಒಬ್ಬಳೇ, ದಿನವಿಡೀ ನಗುವ ಹುಡುಗಿ.

ಸಂಜೆ ಶೇವಂತಿ ಬಾಗಿಲಲ್ಲಿ ನಗುತ್ತಲೇ ನಿಂತಿದ್ದಳು. "ಎಂತದಮ್ಮ, ಹಾಗೆ ನೋಡ್ತೀಯಾ?"

ಏನಾಯಿತು ಮಗಳೇ ಎಂದು ಕೇಳಲು ಹೊನ್ನಮ್ಮ ಬಾಯಿ ತೆರೆದಳು. ಕೇಳಿದರೆ ಹುಡುಗಿ ಜೋರಾಗಿ ಅತ್ತುಬಿಟ್ಟಾಳು. ಗೋಡೆಯಾಚೆಗೇ ವಿಠೋಬನ ಮನೆ.

"ಏನಿಲ್ಲ," ಎಂದಳು. "ಊಟಕ್ಕೆ ಬಾ."